ಬುರುಡೆ ಅಳೆಯುವವರ ಪರವಾಗಿ

"ಹಳೆಯ ತಲೆಬುರುಡೆಗಳನ್ನು ಅಳೆದು ಯಾರಿಗೇನು ಉಪಯೋಗ?" ಈ ಪ್ರಶ್ನೆಯನ್ನು ನೆಂಟರೂ ಕೇಳುತ್ತಾರೆ, ಕೆಲವು ವೈದ್ಯರೂ ಕೇಳುತ್ತಾರೆ. ಕಾಸರಗೋಡಿನ ಬದಿಯಡ್ಕದ ಕಡೆ ಹುಟ್ಟಿ ಅಂಗರಚನಾಶಾಸ್ತ್ರ ಕಲಿಸುತ್ತಿರುವ ನಾನು ಇದಕ್ಕೆ ಉತ್ತರ ಬರೆಯಲೇಬೇಕು.

ಕಿವಿಯ ಹಿಂದೆ ಬೆರಳಿಟ್ಟರೆ ಎಲುಬಿನ ಒಂದು ಉಬ್ಬು ಸಿಗುತ್ತದೆ. ಅದೇ ಮಾಸ್ಟಾಯ್ಡ್. ಅದರ ಒಳಮಗ್ಗುಲಿನಲ್ಲಿ, ಸ್ಟೈಲಾಯ್ಡ್ ಎಂಬ ಚೂಪಾದ ಎಲುಬಿನ ಬುಡದ ಹಿಂದೆ ಪುಟ್ಟದೊಂದು ರಂಧ್ರವಿದೆ. ಮುಖದ ನರ ಬುರುಡೆಯಿಂದ ಹೊರಬೀಳುವುದು ಅಲ್ಲಿಂದ. ಹೊರಬಂದು ಪರೋಟಿಡ್ ಎಂಬ ಜೊಲ್ಲುಗ್ರಂಥಿಯನ್ನು ಹೊಕ್ಕು ಐದು ಮುಖ್ಯ ಕವಲುಗಳಾಗುತ್ತದೆ. ಕಣ್ಣು ಮುಚ್ಚುವುದು, ನಗುವುದು, ನೀರು ಸೋರದಂತೆ ತುಟಿ ಬಿಗಿಹಿಡಿಯುವುದು ಎಲ್ಲವೂ ಇದರ ಕೆಲಸ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯವರಿಗೆ ಮುಖದ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ರಂಗಸ್ಥಳದಲ್ಲಿ ರಾವಣನ ಹುಬ್ಬು ಏರುವುದೂ ಈ ನರದಿಂದಲೇ.

ಪರೋಟಿಡ್‌ನಲ್ಲಿ ಗಡ್ಡೆ ಬೆಳೆಯುತ್ತದೆ. ಹೆಚ್ಚಿನವು ಕ್ಯಾನ್ಸರ್ ಅಲ್ಲ, ಆದರೂ ತೆಗೆಯಬೇಕಾಗುತ್ತದೆ. ತೆಗೆಯುವಾಗ ನರ ಉಳಿಯಬೇಕು. ಶಸ್ತ್ರಚಿಕಿತ್ಸಕರು ಅದನ್ನು ಹುಡುಕುವುದು ಗುರುತುಗಳನ್ನು ಹಿಡಿದು. ಕಿವಿನಾಳದ ಎಲುಬಿಗೂ ಮಾಸ್ಟಾಯ್ಡ್‌ಗೂ ನಡುವೆ ಒಂದು ಸಂದಿದೆ; ಅದರ ಕೆಳತುದಿಯಿಂದ ಸುಮಾರು 6ರಿಂದ 8 ಮಿಲಿಮೀಟರ್ ಆಳದಲ್ಲಿ ನರ ಸಿಗುತ್ತದೆ ಎಂದು ಪಠ್ಯಪುಸ್ತಕಗಳು ಹೇಳುತ್ತವೆ. ಈ ಅಂಕಿ ಆಕಾಶದಿಂದ ಇಳಿದು ಬಂದದ್ದಲ್ಲ. ಯಾರೋ ಕುಳಿತು ಅಳೆದಿದ್ದಾರೆ.

"ಸುಮಾರು" ಎಂಬ ಆ ಮಾತಿನಲ್ಲಿಯೇ ಕಷ್ಟವಿರುವುದು. ಮಾಸ್ಟಾಯ್ಡ್ ಸಾಮಾನ್ಯವಾಗಿ ಗಂಡಸರಲ್ಲಿ ದೊಡ್ಡದು, ಹೆಂಗಸರಲ್ಲಿ ಚಿಕ್ಕದು. ಒಂದೇ ಬುರುಡೆಯ ಎಡಬಲಗಳೂ ಸರಿಸಮ ಇರುವುದಿಲ್ಲ. ಹಸುಳೆಗಳಲ್ಲಂತೂ ಮಾಸ್ಟಾಯ್ಡ್ ಇನ್ನೂ ಬೆಳೆದೇ ಇರುವುದಿಲ್ಲ, ನರ ಚರ್ಮದ ಹತ್ತಿರವೇ ಇರುತ್ತದೆ. ದೊಡ್ಡವರಿಗೆ ಹಾಕುವಂತೆ ಅಲ್ಲಿ ಕಿವಿಯ ಹಿಂದೆ ಕತ್ತಿ ಹಾಕಿದರೆ ಮಗುವಿನ ಮುಖ ಜೀವನಪೂರ್ತಿ ವಾರೆಯಾಗಬಹುದು. ಆದ್ದರಿಂದ ಸರಾಸರಿಯೊಂದೇ ಸಾಲದು. ಅತಿ ಕಡಿಮೆ ಎಷ್ಟು, ಅತಿ ಹೆಚ್ಚು ಎಷ್ಟು ಎಂಬುದೂ ತಿಳಿದಿರಬೇಕು. ಸ್ನಾತಕೋತ್ತರ ವಿದ್ಯಾರ್ಥಿಯೊಬ್ಬಳು ವರ್ನಿಯರ್ ಕ್ಯಾಲಿಪರ್ ಎಂಬ ಸೂಕ್ಷ್ಮ ಅಳತೆಯ ಸಾಧನ ಹಿಡಿದು, ನರ ಹೊರಬೀಳುವ ಆ ರಂಧ್ರದಿಂದ ಮಾಸ್ಟಾಯ್ಡ್ ತುದಿಗೆ ಇರುವ ದೂರವನ್ನು ಬರೆದುಕೊಳ್ಳುವಾಗ ಮಾಡುತ್ತಿರುವುದು ಇದನ್ನೇ. ಪದವಿಗಾಗಿ ಪುಟ ತುಂಬಿಸುವ ಕೆಲಸ ಎಂದು ಅವಳನ್ನು ಹಗುರವಾಗಿ ಕಾಣುವುದನ್ನು ಒಪ್ಪಲಾರೆ.

ಒಣ ಬುರುಡೆಗೆ ಮಿತಿಗಳಿವೆ, ನಿಜ. ಅದರಲ್ಲಿ ಮಾಂಸವಿಲ್ಲ, ನರವಿಲ್ಲ. ಅದಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಬೇರೆ. ಕಾಲೇಜುಗಳ ಕಪಾಟಿನಲ್ಲಿರುವ ಹಳೆಯ ಬುರುಡೆಗಳು ಎಷ್ಟೋ ಸಲ ಯಾರದೆಂದು ಗೊತ್ತಿಲ್ಲ. ವಯಸ್ಸಿಲ್ಲ, ಊರಿಲ್ಲ, ಗಂಡೋ ಹೆಣ್ಣೋ ಎಂಬುದೂ ಊಹೆ. 1985ರಲ್ಲಿ ನಿಷೇಧ ಬರುವವರೆಗೆ ನಮ್ಮ ದೇಶದಿಂದ ಮನುಷ್ಯರ ಎಲುಬುಗಳು ಜಗತ್ತಿನ ವೈದ್ಯಕೀಯ ಕಾಲೇಜುಗಳಿಗೆ ರಫ್ತಾಗುತ್ತಿದ್ದವು. ಅವರಲ್ಲಿ ಯಾರ ಒಪ್ಪಿಗೆಯನ್ನು ಯಾರು ಕೇಳಿದ್ದರು? ತಾವಾಗಿ ದೇಹದಾನ ಮಾಡಿದವರ ವಯಸ್ಸು, ಲಿಂಗ, ಊರು ದಾಖಲೆಯಲ್ಲಿ ಉಳಿಯುತ್ತವೆ. ಅಂಥ ಅಳತೆಗೆ ತೂಕ ಹೆಚ್ಚು, ಗೌರವವೂ ಹೆಚ್ಚು.

2020ರಲ್ಲಿ ಕೋವಿಡ್ ಕಾಲಕ್ಕೆ ತಲಪಾಡಿಯಲ್ಲಿ ಕೇರಳ-ಕರ್ನಾಟಕ ಗಡಿ ಮುಚ್ಚಿದಾಗ ಕಾಸರಗೋಡಿನ ನಮ್ಮ ರೋಗಿಗಳು ಮಂಗಳೂರಿಗೆ ಹೋಗಲಾಗದೆ ಪಟ್ಟ ಪಾಡನ್ನು ಕಂಡವರು ನಾವು. ನಮ್ಮದೇ ಜಿಲ್ಲೆಯ ಉಕ್ಕಿನಡ್ಕದಲ್ಲಿ ವೈದ್ಯಕೀಯ ಕಾಲೇಜು ಬೇಕೆಂದು ದನಿ ಎತ್ತಿದವರೂ ನಾವೇ. ಕಾಲೇಜು ಎಂದರೆ ಕಟ್ಟಡ, ಹಾಸಿಗೆಗಳಷ್ಟೇ ಸಾಕೇ? ಕಲಿಯುವ ಮಕ್ಕಳ ಮುಂದೆ ದೇಹವಿರಬೇಕು, ಮತ್ತು ಅದನ್ನು ನಾವೇ ಕೊಡಬೇಕು.

"ದೇಹ ಕೊಟ್ಟರೆ ಬೊಜ್ಜದ, ಅಂದರೆ ಉತ್ತರಕ್ರಿಯೆಯ, ಗತಿಯೇನು?" ಎಂದು ಹಿರಿಯರು ಕೇಳುತ್ತಾರೆ. ಕಡಲಿಗೆ ಹೋಗಿ ಹಿಂತಿರುಗದವರಿಗೂ ಮನೆಯವರು ಕರ್ಮ ಮಾಡಿಲ್ಲವೇ? ನಾನು ಒಪ್ಪಿಗೆಪತ್ರ ಬರೆದಿದ್ದೇನೆ, ಮನೆಯಲ್ಲಿಯೂ ಹೇಳಿದ್ದೇನೆ. ಬರೆದಿಟ್ಟರೆ ಸಾಲದು, ಆ ಹೊತ್ತಿಗೆ ಕಾಲೇಜಿಗೆ ಫೋನು ಮಾಡಬೇಕಾದವರು ಮನೆಯವರು.