ಕುರುಡರ ಊರಿನ ದಂಡೆಯಿಂದ ಇಸ್ತಾಂಬುಲ್

ನಿನ್ನೆ ರಾತ್ರಿ ವಿಡಿಯೋ ಕಾಲ್‌ನಲ್ಲಿ ಅಣ್ಣನ ಮಗ ಕೇಳಿದ: "ಅತ್ಯಾ, ಇವತ್ತ ಏನೇನ್ ನೋಡಿದ್ರಿ?"

"ಏನೂ ಇಲ್ಲೋ. ಹಡಗ ಹತ್ತಿ ಆಚಿ ದಂಡಿಗೆ ಹೋದ್ವಿ, ಚಾ ಕುಡದ್ವಿ, ಹೊಳ್ಳಿ ಬಂದ್ವಿ."

"ಅಷ್ಟ್ ದೂರ ಹೋಗಿ ಸುಮ್ನ ಕುಂತ್ ಬಂದ್ರೇನು!"

ಅವನ ದನಿಯಲ್ಲಿ ಮರುಕ ಇತ್ತು, ಪಾಪ ಇವರು ಏನೋ ಕಳೆದುಕೊಂಡರು ಎನ್ನುವ ಹಾಗೆ. ಫೋನ್ ಇಟ್ಟ ಮೇಲೂ ಆ ಮಾತು ತಲೆಯಲ್ಲೇ ಇತ್ತು. ಅವನಿಗಷ್ಟೇ ಅಲ್ಲ, ನಮ್ಮ ತಿರುಗಾಟದ ಫೋಟೊ ನೋಡಿ "ಅದು ನೋಡಿದ್ರಾ, ಇದು ನೋಡಿದ್ರಾ" ಎಂದು ಕೇಳುವ ಎಲ್ಲರಿಗೂ ಸೇರಿಸಿ ಬರೆಯುತ್ತಿದ್ದೇನೆ.

ನಾನೂ ಅಕ್ಕನೂ ಮನೆ ಬಿಟ್ಟು ನಾಲ್ಕು ತಿಂಗಳಾಯಿತು. ಜಾರ್ಜಿಯಾದ ಟಿಬಿಲಿಸಿ, ಬಟುಮಿ, ಗಡಿ ದಾಟಿ ಟರ್ಕಿಯ ಟ್ರಾಬ್ಜಾನ್, ಕಪಡೋಕಿಯಾ, ಅಂಕಾರ, ಈಗ ಇಸ್ತಾಂಬುಲ್. ಏಳು ದಿನ ರಜೆ ಹಾಕಿ ಬಂದವರು ಬೆಳಗ್ಗೆ ಆರರಿಂದ ರಾತ್ರಿ ಹತ್ತರವರೆಗೆ ಓಡಾಡಿದರೆ ನನಗೆ ಅದರಲ್ಲಿ ತಪ್ಪು ಕಾಣುವುದಿಲ್ಲ. ಅವರ ಕೈಯಲ್ಲಿರುವುದೇ ಏಳು ದಿನ. ಆದರೆ ತಿಂಗಳುಗಟ್ಟಲೆ ತಿರುಗುವುದೆಂದರೆ ಉದ್ದದ ರಜೆ ಎಂದು ತಿಳಿಯಬೇಡಿ. ಅದು ಜಾಗ ಬದಲಾಯಿಸುತ್ತಾ ನಡೆಸುವ ಸಂಸಾರ. ಬಟ್ಟೆ ಒಗೆಯಬೇಕು, ಅಕ್ಕನ ಬಿಪಿ ಮಾತ್ರೆ ಎಣಿಸಬೇಕು, ವೀಸಾದ ದಿನ ಲೆಕ್ಕ ಹಾಕಬೇಕು, ಮುಂದಿನ ಊರಿನ ಬಸ್ಸು ಹುಡುಕಬೇಕು. ಇದರ ನಡುವೆ ದಿನಾ ಒಂದು ಮಹಾ ಅದ್ಭುತ ನೋಡುತ್ತಾ ಹೋದರೆ ಮನಸ್ಸು ಮರಗಟ್ಟುತ್ತದೆ. ಇದು ನನಗೆ ಕಪಡೋಕಿಯಾದ ಗೋರೆಮೆಯಲ್ಲಿ ಅರ್ಥವಾಯಿತು. ಅಲ್ಲಿ ಬಂಡೆ ಕೊರೆದು ಮಾಡಿದ ಸಾವಿರ ವರ್ಷ ಹಳೆಯ ಚರ್ಚುಗಳು ಒಂದರ ಪಕ್ಕ ಒಂದಿವೆ. ಅದರಲ್ಲಿ ಒಂದಕ್ಕೆ ಕತ್ತಲ ಚರ್ಚ್ ಎಂದೇ ಹೆಸರು. ಸಣ್ಣದೊಂದು ಕಿಟಕಿ ಬಿಟ್ಟರೆ ಬೆಳಕು ಬಾರದ ಕಾರಣ ಭಿತ್ತಿಚಿತ್ರಗಳ ನೀಲಿ, ಕೆಂಪು ಇನ್ನೂ ಮಾಸಿಲ್ಲ. ಅಂಥದ್ದರೊಳಗೆ ನಿಂತು ನಾನು ಗಡಿಯಾರ ನೋಡುತ್ತಿದ್ದೆ. ಹೊರಗೆ ಬಂದರೆ ಅಕ್ಕ ಕಲ್ಲಿನ ಮೇಲೆ ಕೂತಿದ್ದಳು. "ನೀ ನೋಡ್ಕೊಂಡ್ ಬಾ. ನನ್ನ ಕಣ್ಣು ತುಂಬ್ಯಾವು" ಅಂದಳು. ಹೊಟ್ಟೆ ತುಂಬಿದವರು ಎಲೆ ಮೇಲೆ ಕೈ ಅಡ್ಡ ಹಿಡಿಯುತ್ತಾರಲ್ಲ, ಹಾಗೆ.

ಅವತ್ತಿನಿಂದ ನಮ್ಮದೊಂದು ಕರಾರು. ದೊಡ್ಡದನ್ನು ನೋಡಿದರೆ ಆ ದಿನ ಅದೊಂದೇ. ಮರುದಿನ ಟಿಕೆಟ್ಟು, ಸಾಲು, ಗೈಡು ಯಾವುದೂ ಇಲ್ಲ.

ಮೊನ್ನೆ ಆಯಾ ಸೋಫಿಯಾಗೆ ಹೋಗಿದ್ದೆವು. 537ರಲ್ಲಿ ಜಸ್ಟಿನಿಯನ್ ಚಕ್ರವರ್ತಿ ಮುಗಿಸಿದ ಕಟ್ಟಡ. ಚರ್ಚ್ ಆಗಿ, 1453ರಲ್ಲಿ ಮಸೀದಿಯಾಗಿ, 1935ರಲ್ಲಿ ಮ್ಯೂಸಿಯಂ ಆಗಿ, 2020ರಲ್ಲಿ ಮತ್ತೆ ಮಸೀದಿಯಾಗಿದೆ. ಮೇಲಿನ ಗ್ಯಾಲರಿಯಲ್ಲಿ ಮೂರು ತಾಸು ಇದ್ದೆವು. ಅಲ್ಲಿನ ಅಮೃತಶಿಲೆಯ ಕಟಾಂಜನದ ಮೇಲೆ ಉತ್ತರ ಯುರೋಪಿನ ವೈಕಿಂಗ್ ಯೋಧನೊಬ್ಬ ತನ್ನವರ ಹಳೆಯ ರೂನ್ ಲಿಪಿಯಲ್ಲಿ ಗೀಚಿದ ಗುರುತಿದೆ. ಸವೆದು ಹೋಗಿದ್ದರೂ ಹಾಫ್ಡಾನ್ ಎಂಬ ಹೆಸರನ್ನು ವಿದ್ವಾಂಸರು ಓದಿದ್ದಾರೆ. ಅದನ್ನು ಹುಡುಕಿ, ಬೆರಳು ತಾಗಿಸದೆ ಬಗ್ಗಿ ನೋಡುವುದಕ್ಕೇ ನಮಗೆ ಅರ್ಧ ತಾಸು ಹಿಡಿಯಿತು. ಅಷ್ಟು ನೋಡಿದ ಮೇಲೆ ನಿನ್ನೆಯ ದಿನ ನಮ್ಮದೇ.

ಬೆಳಗ್ಗೆ ಬಟ್ಟೆ ಒಗೆದು ವಸತಿಯ ಮಾಳಿಗೆ ಮೇಲೆ ಹಗ್ಗಕ್ಕೆ ಹಾಕಿದೆವು. ಹತ್ತೂವರೆಗೆ ಎಮಿನೋನು ಬಂದರುಕಟ್ಟೆಗೆ ಇಳಿದು, ಬಸ್ಸು ಮೆಟ್ರೋಗಳಿಗೂ ನಡೆಯುವ ಅದೇ ಇಸ್ತಾಂಬುಲ್‌ಕಾರ್ಟ್ ತಾಗಿಸಿ ಕಡಿಕೋಯ್‌ಗೆ ಹೋಗುವ ಹಡಗು ಹತ್ತಿದೆವು. ಯುರೋಪಿನಿಂದ ಏಷ್ಯಾಕ್ಕೆ ಸುಮಾರು 20 ನಿಮಿಷ. ಆಫೀಸಿಗೆ ಹೊರಟವರು, ಕಾಲೇಜು ಮಕ್ಕಳು, ತರಕಾರಿ ಚೀಲದ ಅಜ್ಜಿಯರು. ಈ ದಂಡೆಗಳ ನಡುವೆ ಉಗಿಹಡಗು ನಡೆಸಲು ಕಂಪನಿ ಕಟ್ಟಿದ್ದು 1851ರಲ್ಲಿ. ಅಂದಿನಿಂದ ಈ ಊರಿನ ಜನ ನೀರಿನ ಮೇಲೆಯೇ ಕೆಲಸಕ್ಕೆ ಹೋಗಿ ಬರುತ್ತಿದ್ದಾರೆ. ಹೊರಗಿನ ಬೆಂಚಿನಲ್ಲಿ ಕೂತ ಕೂಡಲೇ ತಟ್ಟೆ ಹಿಡಿದ ಚಹಾದವನು ಬಂದ. ನಡು ಸಣ್ಣಗಿನ ಗಾಜಿನ ಲೋಟ, ಬದಿಗೆ ಎರಡು ಸಕ್ಕರೆ ಗಟ್ಟಿ. ಜನ ಎಸೆಯುವ ಸಿಮಿತ್ ಚೂರಿಗಾಗಿ ಕಡಲ ಹಕ್ಕಿಗಳು ಹಡಗಿನ ಜೊತೆ ಜೊತೆಗೇ ಹಾರುತ್ತಿದ್ದವು. ಸಿಮಿತ್ ಅಂದರೆ ಎಳ್ಳು ಮೆತ್ತಿದ ಬಳೆಯಂಥ ರೊಟ್ಟಿ.

ನೀರನ್ನೇ ನೋಡುತ್ತಾ ಕೂತರೆ ಒಂದು ವಿಷಯ ಕಾಣುತ್ತದೆ. ಅಲೆಯ ಮೇಲೆ ಸುಮ್ಮನೆ ಕೂತ ಹಕ್ಕಿ ನಿಧಾನಕ್ಕೆ ಮರ್ಮರಾ ಸಮುದ್ರದ ಕಡೆ ಜಾರುತ್ತಿರುತ್ತದೆ. ಈ ಎರಡು ದಂಡೆಗಳ ನಡುವಿನ ಬಾಸ್ಫರಸ್ ಜಲಸಂಧಿಯ ಮೇಲಿನ ನೀರು ಕಪ್ಪು ಸಮುದ್ರದಿಂದ ದಕ್ಷಿಣಕ್ಕೆ ಹರಿಯುತ್ತದೆ. ಡ್ಯಾನ್ಯೂಬ್‌ನಂಥ ದೊಡ್ಡ ನದಿಗಳ ಸಿಹಿನೀರು ಸೇರಿ ಆ ಸಮುದ್ರದಲ್ಲಿ ಉಪ್ಪು ಕಡಿಮೆ, ನೀರು ಹಗುರ. ಅದೇ ಹೊತ್ತಿಗೆ ತಳದಲ್ಲಿ ಮೆಡಿಟರೇನಿಯನ್ ಕಡೆಯ ಉಪ್ಪು ಹೆಚ್ಚಿನ, ಭಾರದ ನೀರು ಉತ್ತರಕ್ಕೆ ಹೋಗುತ್ತಿರುತ್ತದೆ. ಒಂದೇ ಜಲಸಂಧಿ, ಎದುರುಬದುರು ಎರಡು ಹೊಳೆ! ಇದನ್ನು ಅಳೆದು ತೋರಿಸಿದವನು ಲುಯಿಜಿ ಮಾರ್ಸಿಲಿ ಎಂಬ ಇಟಲಿಯ ಹುಡುಗ. 1679ರಲ್ಲಿ ಈ ಊರಿಗೆ ಬಂದಾಗ ಅವನಿಗೆ 21 ವರ್ಷ. ಕೆಳಗಿನ ನೀರು ತಿರುಗಿ ಹರಿಯುತ್ತದೆ ಎಂಬ ಮಾತು ಇಲ್ಲಿನ ಮೀನುಗಾರರಲ್ಲಿ ಮೊದಲೇ ಇತ್ತು. ಅವನು ಬಿಳಿ ಬಣ್ಣ ಬಳಿದ ಬೆಂಡಿನ ಚೂರುಗಳನ್ನು ಹಗ್ಗಕ್ಕೆ ಕಟ್ಟಿ ನೀರಿಗೆ ಇಳಿಬಿಟ್ಟ. ಮೇಲಿನ ಚೂರುಗಳು ಒಂದು ಕಡೆ ವಾಲಿದವು, ಆಳಕ್ಕೆ ಹೋದವು ಇನ್ನೊಂದು ಕಡೆ. 1681ರಲ್ಲಿ ರೋಮ್‌ನಲ್ಲಿ ಅದನ್ನು ಪ್ರಕಟಿಸಿದ. ಸಮುದ್ರ ವಿಜ್ಞಾನದ ಮೊದಲ ಹೆಜ್ಜೆಗಳಲ್ಲಿ ಒಂದು ಬೆಸ್ತರ ಮಾತಿಗೆ ಕಿವಿಗೊಟ್ಟದ್ದರಿಂದ ಶುರುವಾಯಿತು. ನನಗೆ ಇದು ಇಲ್ಲಿನ ಸುಲ್ತಾನರ ಅರಮನೆಯ ವಜ್ರಕ್ಕಿಂತ ದೊಡ್ಡ ಸಂಗತಿ. ಇದನ್ನು ನೋಡಲು ಬೇಕಾದದ್ದು ಒಂದು ಬೆಂಚು, ಪುರಸೊತ್ತು ಅಷ್ಟೇ.

ಕಡಿಕೋಯ್‌ಗೆ ಗ್ರೀಕರ ಕಾಲದ ಹೆಸರು ಕಾಲ್ಸೆಡಾನ್. ಕ್ರಿಸ್ತಪೂರ್ವ ಏಳನೇ ಶತಮಾನದಲ್ಲಿ ಗ್ರೀಸಿನ ಮೆಗಾರಾ ಊರಿನ ಜನ ಬಂದು ಇಲ್ಲಿ ನೆಲೆ ನಿಂತರು. ಎದುರು ದಂಡೆಯಲ್ಲಿ ಬೈಜಾಂಟಿಯಮ್, ಅಂದರೆ ಇಂದಿನ ಹಳೇ ಇಸ್ತಾಂಬುಲ್, ಹುಟ್ಟಿದ್ದು ಅದಾದ ಮೇಲೆ. ಪ್ರಾಚೀನ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಒಂದು ಪ್ರಸಂಗ ಹೇಳುತ್ತಾನೆ. ಪರ್ಷಿಯಾದ ಸೇನಾಪತಿ ಮೆಗಾಬಜುಸ್ ಇಲ್ಲಿಗೆ ಬಂದಾಗ, ಕಾಲ್ಸೆಡಾನ್‌ನವರು 17 ವರ್ಷ ಮೊದಲೇ ಬಂದಿದ್ದರು ಎಂದು ತಿಳಿಯಿತಂತೆ. ಎದುರಿಗೆ ಅಂಥ ಜಾಗ ಇದ್ದೂ ಇಲ್ಲಿ ಊರು ಕಟ್ಟಿದರೆಂದರೆ ಆ ಜನ ಆಗ ಕುರುಡರಾಗಿರಬೇಕು ಅಂದನಂತೆ. ಅಂದಿನಿಂದ ಇದಕ್ಕೆ ಕುರುಡರ ಊರು ಎಂಬ ಹೆಸರು ಅಂಟಿಕೊಂಡಿತು.

ಹಡಗು ಇಳಿದು ದಂಡೆಯ ಕಲ್ಲಿನ ಮೇಲೆ ಕೂತಾಗ ನನಗೆ ಹೊಳೆದದ್ದು ಬೇರೆ. ಆ ದಂಡೆಯಲ್ಲಿ ಇದ್ದಾಗ ನಾವು ಆಯಾ ಸೋಫಿಯಾದ ಗೋಡೆ ನೋಡಿದ್ದೆವು, ಕಂಬ ನೋಡಿದ್ದೆವು, ಮುಂದೆ ನಿಂತವರ ಬೆನ್ನು ನೋಡಿದ್ದೆವು. ಇಡೀ ಊರನ್ನು ಒಂದೇ ಸಲ ಕಂಡದ್ದು ಇಲ್ಲಿಂದಲೇ. ಬಲತುದಿಗೆ ಮರಗಳ ನಡುವೆ ತೋಪ್ಕಾಪಿ ಅರಮನೆ, ಪಕ್ಕ ಆಯಾ ಸೋಫಿಯಾ, ಅದರಾಚೆ ಆರು ಮಿನಾರುಗಳ ಸುಲ್ತಾನ್ ಅಹ್ಮದ್ ಮಸೀದಿ, ಎಲ್ಲವೂ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದಾಗಿ, ತಿಳಿ ಬೂದುಬಣ್ಣದಲ್ಲಿ. ಆ ಸೇನಾಪತಿ ಕೋಟೆ, ಬಂದರು, ವ್ಯಾಪಾರದ ಲೆಕ್ಕ ಹಾಕಿದ. ಕಣ್ಣಿನ ಲೆಕ್ಕದಲ್ಲಿ ಈ ಕುರುಡರೇ ಒಳ್ಳೆಯ ಜಾಗ ಹಿಡಿದಿದ್ದರು. ಯಾವ ಊರಿಗೆ ಹೋದರೂ ಒಂದು ದಿನವನ್ನು ನೋಡುವಂಥದ್ದು ಏನೂ ಇಲ್ಲ ಎನ್ನಿಸಿಕೊಂಡ ದಂಡೆಗೆ ಕೊಡಿ ಎಂದು ನಾನು ಇಷ್ಟು ಗಟ್ಟಿಯಾಗಿ ಹೇಳುವುದು ಇದಕ್ಕೇ.

ಆಮೇಲೆ ಪೇಟೆಯೊಳಗೆ ನಡೆದೆವು. ನಾಲ್ಕಾರು ರಸ್ತೆ ಸೇರುವಲ್ಲಿ ಫ್ರಾನ್ಸಿನ ಶಿಲ್ಪಿ ಇಸಿದೋರ್ ಬೊನರ್ 1864ರಲ್ಲಿ ಮಾಡಿದ ಕಂಚಿನ ಗೂಳಿ ಇದೆ. ಕಡಿಕೋಯ್‌ನವರು ಸ್ನೇಹಿತರಿಗೆ ಸಿಗುವುದು ಗೂಳಿಯ ಹತ್ತಿರವೇ. ಅಲ್ಲಿಂದ ಅಕ್ಕ ಹಟ ಹಿಡಿದು ಕರೆದುಕೊಂಡು ಹೋದದ್ದು ಒಂದು ಬೆಕ್ಕನ್ನು ನೋಡಲು. ಝಿವರ್‌ಬೇ ಎಂಬ ಓಣಿಗಳ ಕಡೆ ತೊಂಬಿಲಿ ಅಂತ ದಪ್ಪನೆಯ ಬೀದಿಬೆಕ್ಕು ಇತ್ತು. ಫುಟ್‌ಪಾತಿನ ಮೆಟ್ಟಿಲಿಗೆ ಮೊಣಕೈ ಊರಿ, ಊಟ ಮುಗಿಸಿ ಕಟ್ಟೆಗೆ ಬಂದ ಯಜಮಾನನ ಹಾಗೆ ಒರಗಿ ಕೂತ ಅದರ ಫೋಟೊ ಲೋಕವೆಲ್ಲಾ ಸುತ್ತಿತ್ತು. 2016ರಲ್ಲಿ ಅದು ಸತ್ತಾಗ ಜನ ಒತ್ತಾಯಿಸಿ, ಅದೇ ಅಕ್ಟೋಬರ್ 4ರಂದು, ಅದು ಒರಗುತ್ತಿದ್ದ ಜಾಗದಲ್ಲೇ ಕಂಚಿನ ಪ್ರತಿಮೆ ಇಡಿಸಿದರು. ಮುಂದಿನ ತಿಂಗಳು ಯಾರೋ ಕದ್ದರು, ಜನ ನೊಂದುಕೊಂಡರು, ಪ್ರತಿಮೆ ಕೆಲವೇ ದಿನಗಳಲ್ಲಿ ಮರಳಿ ಬಂತು. ರಾಜರಿಗೆ, ಸೇನಾಪತಿಗಳಿಗೆ ಪ್ರತಿಮೆ ಇಟ್ಟ ಊರು ನೂರಾರು ನೋಡಿದ್ದೇವೆ. ಆರಾಮಾಗಿ ಕೂತಿದ್ದಕ್ಕೆ ಪ್ರತಿಮೆ ಇಟ್ಟ ಊರಿನ ಮೇಲೆ ನನಗೆ ಗೌರವ ಹೆಚ್ಚಾಯಿತು. ಅಕ್ಕ ಅದರ ತಲೆ ನೇವರಿಸಿ ಪಕ್ಕದಲ್ಲೇ ಮಂಡಿ ಚಾಚಿ ಕೂತಳು.

ಮಧ್ಯಾಹ್ನವೆಲ್ಲಾ ಕಡಿಕೋಯ್‌ನದೇ ಮೋದಾ ಬಡಾವಣೆಯ ಕಡಲಂಚಿನ ಚಹಾ ತೋಟದಲ್ಲಿ ಕಳೆಯಿತು. ಪಕ್ಕದ ಮೇಜಿನಲ್ಲಿ ಇಬ್ಬರು ಹಿರಿಯರು ತಾವ್ಲಾ ಆಡುತ್ತಿದ್ದರು. ಹಲಗೆಯ ಮೇಲೆ ದಾಳ ಉರುಳಿಸಿ ಕಾಯಿ ನಡೆಸುವ ಆಟ, ನಮ್ಮ ಪಗಡೆಯ ದೂರದ ನೆಂಟನಂತೆ. ತುರ್ಕಿ ಮಾತಾಡುವವರು ದಾಳದ ಅಂಕಿ ಮಾತ್ರ ಪಾರ್ಸಿಯಲ್ಲಿ ಕೂಗುತ್ತಾರೆ: ಯೆಕ್, ದೂ, ಸೆ, ಜಿಹಾರ್, ಪೆಂಜ್, ಶೆಶ್. ಅಕ್ಕನ ಕಿವಿ ನಿಮಿರಿತು. ನಮ್ಮ ಕಡೆ ಬಳಸುವ ಯಾವ ಯಾವ ಮಾತು ಇಲ್ಲಿಯವರೂ ಆಡುತ್ತಾರೆ ಎಂದು ಅಂಕಾರದಿಂದ ಅವಳು ಒಂದು ಪಟ್ಟಿ ಮಾಡುತ್ತಿದ್ದಾಳೆ. ದುಕಾನ, ಮೈದಾನ, ಪರದೆ, ಹವಾ, ಸಾಬೂನು, ದಫ್ತರ. "ದುಕಾನ್ ಅಂದ್ರ ಇವ್ರಿಗೂ ದುಕಾನಾನ ನೋಡ" ಎಂದು ಪ್ರತಿ ಸಲ ಹೊಸದಾಗಿ ಖುಷಿಪಡುತ್ತಾಳೆ. ಪಾರ್ಸಿ, ಅರಬ್ಬಿ ಮಾತುಗಳು ಒಂದು ಕಡೆ ಇಲ್ಲಿಗೂ ಇನ್ನೊಂದು ಕಡೆ ನಮ್ಮ ಹಳ್ಳಿಯ ಸಂತೆಗೂ ನಡೆದು ಬಂದಿವೆ. ಇದನ್ನು ಯಾವ ಮ್ಯೂಸಿಯಂ ಫಲಕದಲ್ಲೂ ನಾವು ಓದಿಲ್ಲ. ಎರಡನೇ ಚಹಾ ಮುಗಿಯುವವರೆಗೆ ಕೂತವರಿಗೆ ಮಾತ್ರ ಕೇಳುವಂಥದ್ದು. ಇಲ್ಲಿಯ ಜನ ಕೆಲಸದಲ್ಲಿ ತೊಡಗಿದವರನ್ನು ಕಂಡರೆ "ಕೊಲಾಯ್ ಗೆಲ್‌ಸಿನ್" ಅನ್ನುತ್ತಾರೆ, ನಿಮ್ಮ ಕೆಲಸ ಹಗುರಾಗಲಿ ಎಂದು ಹಾರೈಕೆ. ಲೋಟ ಒಯ್ಯಲು ಬಂದ ಹುಡುಗನಿಗೆ ಅಕ್ಕ ಅದನ್ನೇ ಹೇಳಿದಳು. ಅವನು ನಕ್ಕು, ಎದೆಗೆ ಕೈ ಇಟ್ಟುಕೊಂಡ.

ಬಿಟ್ಟದ್ದರ ಬಗ್ಗೆ ಸಂಕಟ ಇಲ್ಲವೇ ಎಂದರೆ ಇದೆ. ನೆಲದಡಿಯ 336 ಕಂಬಗಳ ಆ ಹಳೇ ನೀರಿನ ತೊಟ್ಟಿ ನಾವು ಇನ್ನೂ ನೋಡಿಲ್ಲ. ಚೋರಾ ಎಂಬ ಹಳೇ ಚರ್ಚಿನ ಮೊಸಾಯಿಕ್ ಚಿತ್ರಗಳನ್ನು ಬಹುಶಃ ನೋಡದೆಯೇ ಹೊರಡುತ್ತೇವೆ, ಅದು ನನ್ನನ್ನು ನಿಜಕ್ಕೂ ಕಾಡುತ್ತದೆ. ಆದರೆ ತುಂಬಿದ ಕಣ್ಣಲ್ಲಿ ಹೋಗಿ ಗಡಿಯಾರ ನೋಡುತ್ತಾ ನಿಲ್ಲುವುದಕ್ಕಿಂತ ಈ ಸಂಕಟವೇ ವಾಸಿ. ಆ ಚಿತ್ರ ಬರೆದವರಿಗೂ ಅದರಿಂದ ಅವಮಾನವಾಗುವುದಿಲ್ಲ.

ಐದರ ಹಡಗಿಗೆ ಮರಳಿದೆವು. ಬಲಕ್ಕೆ ಹೈದರ್‌ಪಾಶಾ ರೈಲು ನಿಲ್ದಾಣ ಕಂಡಿತು. ಜರ್ಮನ್ ವಾಸ್ತುಶಿಲ್ಪಿಗಳು ಮರದ ಗೂಟಗಳ ಮೇಲೆ ನೀರಂಚಿಗೆ ನಿಲ್ಲಿಸಿದ ಕಟ್ಟಡ. ಬಾಗ್ದಾದ್ ಕಡೆಗೆ ಹಳಿ ಶುರುವಾಗುತ್ತಿದ್ದದ್ದು ಅಲ್ಲಿಂದ. 2010ರಲ್ಲಿ ಮಾಡು ಸುಟ್ಟಿತು, ಕೆಲ ವರ್ಷಗಳಲ್ಲೇ ರೈಲುಗಳೂ ನಿಂತವು. ಅದರ ಹಿಂದಿನ ನೆಲ ಅಗೆದಾಗ ಸಿಕ್ಕಿದ್ದು ಅದೇ ಕಾಲ್ಸೆಡಾನ್‌ನ ಅವಶೇಷ. ಎದುರಿಗೆ ಹೊತ್ತು ಮುಳುಗುತ್ತಿತ್ತು. ಗಲಾಟಾ ಸೇತುವೆಯ ಮೇಲೆ ಗಾಳದವರ ಸಾಲು, ಮೇಲೆ ಸುಲ್ತಾನರ ಕಾಲದ ವಾಸ್ತುಶಿಲ್ಪಿ ಸಿನಾನ್ ಕಟ್ಟಿದ ಸುಲೇಮಾನಿಯೆ ಮಸೀದಿಯ ಗುಮ್ಮಟ ಕಪ್ಪಗೆ. ಹಡಗಿನ ತುಂಬಾ ಕೆಲಸ ಮುಗಿಸಿದ ಜನ, ಯಾರೂ ಫೋಟೊ ತೆಗೆಯುತ್ತಿರಲಿಲ್ಲ. ಅವರಲ್ಲಿ ಬಹಳ ಮಂದಿ ತಲೆ ಎತ್ತಿ ಅದನ್ನೇ ನೋಡುತ್ತಿದ್ದರು.

ಅಣ್ಣನ ಮಗನ ಫೋನ್ ಇಟ್ಟ ಮೇಲೆ ಬಟ್ಟೆ ತರಲು ಮಾಳಿಗೆಗೆ ಹೋದೆವು. ಕಡಲ ಗಾಳಿಗೆ ಒಂದೂ ಒಣಗಿರಲಿಲ್ಲ. ಅಕ್ಕ ಸೀರೆಯ ಅಂಚು ಹಿಂಡಿ ನೋಡಿ ಅಂದಳು: "ನಾಳೆನೂ ಎಲ್ಲೂ ಹೋಗೂದ ಬ್ಯಾಡ ಬಿಡ."