ಒಂದು ರೂಪಾಯಿ ಅರವತ್ತೈದು ಪೈಸೆ ಬಾಕಿ

ಇವತ್ತು ಬೆಳಿಗ್ಗೆ ಗ್ಯಾಸ್ ಬುಕ್ ಮಾಡಲು ಹೋಗಿ ಮಾನ ಕಳೆದುಕೊಂಡೆ. ಫೋನಿನೊಳಗಿನ ಹೆಣ್ಣುದನಿ "ಹೌದು ಅಥವಾ ಇಲ್ಲ ಎಂದು ಹೇಳಿ" ಎಂದಿತು. "ಹೌದು" ಎಂದೆ. "ಕ್ಷಮಿಸಿ, ನಿಮ್ಮ ಮಾತು ಸ್ಪಷ್ಟವಾಗಿಲ್ಲ." 31 ವರ್ಷ ರೇಡಿಯೋದಲ್ಲಿ ಚಿತ್ರಗೀತೆ ಹಾಕಿದವನಿಗೆ ಈ ಮಾತು! ಮೂರನೇ ಸಲ ಸ್ಟುಡಿಯೋ ದನಿ ತೆಗೆದು ಹೊಟ್ಟೆಯಿಂದಲೇ "ಹೌದು" ಎಂದೆ. ಲೈನ್ ಕಟ್ಟಾಯಿತು. ನನ್ನವಳು ದೋಸೆ ಮಗುಚೋ ಕೈ ಹಿಡಿದೇ ಬಂದು, ಫೋನ್ ಕಿತ್ತುಕೊಂಡು "ಹೌದು ಕಣಮ್ಮಾ" ಎಂದು ಕಿರುಚಿದಳು. ಬುಕ್ ಆಯಿತು.

ಈ ಕೆಲಸ ಬಿಟ್ಟರೂ ಅದರ ಚಾಳಿ ಬಿಡುವುದಿಲ್ಲ. ಸ್ಟುಡಿಯೋದಲ್ಲಿ ನಾಲ್ಕು ಸೆಕೆಂಡ್ ಸದ್ದಿಲ್ಲ ಅಂದರೆ ಎದೆ ಹೊಡೆದುಕೊಳ್ಳುತ್ತದೆ. ಅಷ್ಟರಲ್ಲಿ ಕೇಳುವವರು ಸೆಲ್ ಮುಗೀತು ಅಂತ ಸೆಟ್ಟಿಗೆ ಒಂದೇಟು ಕೊಟ್ಟಿರುತ್ತಾರೆ. ಏನೂ ತೋಚದಿದ್ದರೆ ಸಮಯ ಹೇಳಿಬಿಡೋದು. ಮೊನ್ನೆ ಬೀಗರ ಮನೆಯಲ್ಲಿ ಮಾತು ನಿಂತಾಗ "ಈಗ ಸಮಯ ಹನ್ನೆರಡು ಗಂಟೆ ಹತ್ತು ನಿಮಿಷ" ಎಂದುಬಿಟ್ಟೆ. ಪಾಪ, ಅವರು ಗಾಬರಿಯಾಗಿ ಎಲೆ ಹಾಕಿದರು.

ಇದನ್ನೆಲ್ಲ ಸಹಿಸಬಹುದು. ಎದುರುಮನೆಯವರನ್ನು ಸಹಿಸೋದು ಕಷ್ಟ.

ಅವರು ಕೆ.ಆರ್. ಪೇಟೆ ಕಡೆಯವರು, ಲೈನ್‌ಮನ್ ಆಗಿದ್ದು ರಿಟೈರ್ ಆದವರು. ನಾನು ಹಾಲಿಗೆ ಹೊರಟರೆ ಸಾಕು, ಗೇಟಿನಲ್ಲಿ ಹಾಜರು. "ಏನ್ ಸಾ, ನನ್ ಕಾಗ್ದ ಏನಾಯ್ತು?" 1988ರಲ್ಲಿ ಅವರು ಕೋರಿಕೆ ಕಾರ್ಯಕ್ರಮಕ್ಕೆ ಹನ್ನೊಂದು ಕಾರ್ಡ್ ಬರೆದಿದ್ದರಂತೆ. ಒಂದನ್ನೂ ನಾನು ಓದಲಿಲ್ಲ. ಕಾರ್ಡಿಗೆ 15 ಪೈಸೆಯಂತೆ ಒಂದು ರೂಪಾಯಿ ಅರವತ್ತೈದು ಪೈಸೆ ಬಾಕಿ. ಬಡ್ಡಿ ಬೇಡವಂತೆ. ಒಮ್ಮೆ ತಲೆಕೆಟ್ಟು ಎರಡು ರೂಪಾಯಿ ನಾಣ್ಯ ಕೊಟ್ಟೆ. "ಚಿಲ್ರೆ ಇಲ್ಲ ಸಾ, ಮಡಿಕೊಳ್ಳಿ" ಅಂತ ವಾಪಸ್ ಕೊಟ್ಟರು. ಬಾಕಿ ತೀರಿಬಿಟ್ಟರೆ ಬೆಳಿಗ್ಗೆ ಮಾತಾಡೋದಾದರೂ ಏನು, ಅಲ್ವಾ?

ನನ್ನ ಕಷ್ಟವನ್ನೂ ಹೇಳಿ ನೋಡಿದ್ದೇನೆ. ಚೀಲಗಟ್ಟಲೆ ಕಾರ್ಡ್ ಬರುತ್ತಿದ್ದವು. ಇವರದರಲ್ಲಿ ಹತ್ತೊಂಬತ್ತು ಹೆಸರು, ಕೊನೆಗೆ "ಮತ್ತು ಗೆಳೆಯರ ಬಳಗ". ಹಾಡು ಮೂರು ನಿಮಿಷದ್ದು. ವಾರ್ತೆ ಯಾರಿಗೂ ಕಾಯುವುದಿಲ್ಲ. ಇವರ ಊರಿನವರ ಹೆಸರು ಮುಗಿಯುವಷ್ಟರಲ್ಲಿ ದೆಹಲಿ ಬಂದಿರುತ್ತಿತ್ತು.

"ಅದಿರ್ಲಿ ಸಾ. ನಾನ್ ಕೇಳಿದ್ ಹಾಡ್ನೇ ಮದ್ದೂರಿನೋರಿಗೆ ಹಾಕ್ಬುಟ್ರಲ್ಲ?"

ಅದಕ್ಕೆ ನನ್ನಲ್ಲಿ ಉತ್ತರವಿಲ್ಲ.

ಮಾತು ಮರೆಸಲು ಒಂದಿನ ಚರಿತ್ರೆ ತೆಗೆದೆ. ನಾವಿರೋದು ಮೈಸೂರಿನ ಒಂಟಿಕೊಪ್ಪಲು. ಮಹಾರಾಜ ಕಾಲೇಜಿನ ಮನಃಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ರೇಡಿಯೋ ನಿಲಯ ಶುರುಮಾಡಿದ್ದು ಇದೇ ಬಡಾವಣೆಯ ತಮ್ಮ ಮನೆಯಲ್ಲಿ, ಬರೀ 30 ವ್ಯಾಟಿನ ಟ್ರಾನ್ಸ್‌ಮಿಟರ್‌ನಿಂದ. ಆ ನಿಲಯದ ಆಕಾಶವಾಣಿ ಅನ್ನೋ ಹೆಸರು ದೇಶಕ್ಕೆಲ್ಲ ಹೋದದ್ದು ಆಮೇಲೆ. ಲೈನ್‌ಮನ್ ಕಣ್ಣರಳಿಸಿದರು. "ಮೂವತ್ತು ವ್ಯಾಟಾ? ನಮ್ ಬಚ್ಚಲ್ಮನೆ ಬಲ್ಬು ನಲವತ್ತು ಸಾ." ಒಂದು ಕ್ಷಣ ಬಿಟ್ಟು, "ಆವಾಗ್ಲಾದ್ರೂ ಕಾಗ್ದ ಓದ್ತಿದ್ರಾ?"

ಇವತ್ತು ಗ್ಯಾಸಿನವಳ ಮೇಲಿನ ಸಿಟ್ಟು ಇನ್ನೂ ಇಳಿದಿರಲಿಲ್ಲ. ಅವರು ಬಾಯಿ ತೆಗೆಯುವ ಮೊದಲೇ, "ಹೇಳಿ, ಯಾರ್‍ಯಾರ ಹೆಸರಿತ್ತು? ಈಗಲೇ ಓದ್ತೀನಿ" ಎಂದೆ.

ತಡವರಿಸಲೇ ಇಲ್ಲ ಮನುಷ್ಯ. ಅಪ್ಪ, ಅವ್ವ, ದೊಡ್ಡಪ್ಪನ ಮಕ್ಕಳು, ಗಿರಣಿಯವರು, ಟೆಂಟಿನಲ್ಲಿ ಟಿಕೆಟ್ ಹರಿಯುತ್ತಿದ್ದವನು. ಬೆರಳು ಮಡಚುತ್ತಾ ಹೋದರು. ನಾನೂ ಹಾಲಿನ ಪ್ಯಾಕೆಟ್ ಹಿಡಿದುಕೊಂಡೇ ಒಂದೊಂದಾಗಿ ಹೇಳುತ್ತಾ ಹೋದೆ, ಸ್ಟುಡಿಯೋ ದನಿಯಲ್ಲೇ. ಹನ್ನೆರಡನೆಯದಕ್ಕೆ ಬೆರಳು ನಿಂತಿತು.

"ಇಲ್ಲೀಗಂಟ ಯಾರೂ ಇಲ್ಲ ಸಾ ಈಗ."

ಒಂದು, ಎರಡು, ಮೂರು, ನಾಲ್ಕು ಸೆಕೆಂಡ್. ನನ್ನ ಕೈಲಿ ತಡೆಯಲಾಗಲಿಲ್ಲ.

"ಈಗ ಸಮಯ ಏಳು ಗಂಟೆ ನಲವತ್ತು ನಿಮಿಷ" ಎಂದೆ.

ಅವರು ತಮ್ಮ ವಾಚ್ ನೋಡಿಕೊಂಡರು.

"ನಲವತ್ತೆರಡು ಸಾ. ಆಗ್ಲೂ ನೀವು ಎರಡ್ ನಿಮ್ಷ ಹಿಂದೇನೇ."