ಕಿತ್ತಳೆ ತಲೆಗೆ ನೇರಳೆ ತೀರ್ಥ

ಭಾನುವಾರ ಬೆಳಗಾದರೆ ಬೆಂಗಳೂರಿನ ಬಚ್ಚಲುಮನೆಗಳಲ್ಲಿ ಹೊಸದೊಂದು ವ್ರತ. ಶನಿವಾರ ರಾತ್ರಿ ಬ್ಲೀಚ್ ಹಚ್ಚಿ ತಲೆ ಕಿತ್ತಳೆ ಮಾಡಿಕೊಂಡವರು ನೇರಳೆ ಶಾಂಪೂ ಸುರಿದುಕೊಂಡು, ರೀಲ್‌ನಲ್ಲಿ ಕಂಡ ಬೂದಿ ಛಾಯೆಯ ತಿಳಿಗೂದಲು, ಅಂದರೆ ಬೂದಿ ಬ್ಲಾಂಡ್‌ನ ಸಾಕ್ಷಾತ್ಕಾರಕ್ಕೆ ಕಾಯುತ್ತಾರೆ. ಐದು ನಿಮಿಷಕ್ಕೆ ಬರಲಿಲ್ಲವೇ, ಅರ್ಧ ಗಂಟೆ. ಆಗಲೂ ಇಲ್ಲವೇ, ಇನ್ನೊಂದು ಬಾಟಲಿ. ಕೊನೆಗೆ ಬಣ್ಣ ಬದಲಾಗುವುದು ಉಗುರಿನದು, ಟವೆಲಿನದು, ಟೈಲ್ಸ್ ಸಂದಿನ ಬಿಳಿ ಸಿಮೆಂಟಿನದು.

ನೇರಳೆ ಅಡಗಿಸುವುದು ಹಳದಿಯನ್ನು. ಕಿತ್ತಳೆಯನ್ನು ಅಡಗಿಸಲು ನೀಲಿ ಬೇಕು, ಕೆಂಪನ್ನು ಅಡಗಿಸಲು ಹಸಿರು. ಪ್ರೈಮರಿ ಶಾಲೆಯ ಡ್ರಾಯಿಂಗ್ ಮೇಷ್ಟ್ರು ಬಣ್ಣದ ಚಕ್ರ ಬರೆದು ತೋರಿಸುವಾಗ ಆಟಕ್ಕೆ ಓಡಿದವರೆಲ್ಲ ಈಗ ಕಾಮೆಂಟಿನಲ್ಲಿ ಕಲರಿಸ್ಟ್‌ಗಳು. ಅವರಲ್ಲೊಬ್ಬರು ಬಟ್ಟೆಗೆ ಹಾಕುವ ನೀಲಿಯನ್ನೇ ತಲೆಗೂ ಹಾಕಿ ಎನ್ನುತ್ತಾರೆ. ಹಳದಿ ಕೂದಲಿಗೆ ನೀಲಿ ಬಿದ್ದರೆ ಹಸಿರಾಗುತ್ತದೆ ಎಂಬುದೂ ಅದೇ ಮೇಷ್ಟ್ರ ಪಾಠದಲ್ಲಿತ್ತು.

ಕೂದಲಿನ ಬಣ್ಣಕ್ಕೆ 1ರಿಂದ 10ರವರೆಗೆ ಮೆಟ್ಟಿಲುಗಳಿವೆ. 1 ಕಡುಕಪ್ಪು, 10 ತೀರಾ ತಿಳಿ. ನಮ್ಮವರ ತಲೆ ಸಾಮಾನ್ಯವಾಗಿ 1ರಿಂದ 3ರೊಳಗೆ. ಬ್ಲೀಚ್ ಕಪ್ಪನ್ನು ಕರಗಿಸುತ್ತ ಹೋದಂತೆ ಅಡಿಯಲ್ಲಿದ್ದದ್ದು ಮೇಲೆ ಬರುತ್ತದೆ: 4–5ರಲ್ಲಿ ಕೆಂಪು, 6–7ರಲ್ಲಿ ಕಿತ್ತಳೆ, 8–9ರಲ್ಲಿ ಹಳದಿ, 10ರಲ್ಲಿ ಬಾಳೆಹಣ್ಣಿನ ಸಿಪ್ಪೆಯ ಒಳಮೈ ಬಣ್ಣ. ಬೂದಿ ಬ್ಲಾಂಡ್ ಕೂರುವುದು 9ರ ಮೇಲೆ, 10ರ ಮೇಲೆ. ನಮ್ಮ ವ್ರತಸ್ಥರು 6ರಲ್ಲಿ ನಿಂತು, ಬ್ಲೀಚ್ ಆದ ಕೂದಲಿನ ಛಾಯೆ ತಿದ್ದುವ ಟೋನರ್ ಕಲಸುತ್ತಾರೆ. ಟೋನರ್ ಕೂದಲನ್ನು ಮೆಟ್ಟಿಲು ಹತ್ತಿಸುವುದಿಲ್ಲ, ನಿಂತ ಮೆಟ್ಟಿಲಿಗೆ ಬಣ್ಣ ಬಳಿಯುತ್ತದೆ, ಅಷ್ಟೆ. 6ರ ಮೇಲೆ ಸರಿಯಾದ ನೀಲಿ ಬೂದಿ ಟೋನರ್ ಹಾಕಿದರೆ ಸೊಗಸಾದ ಕಂದು ಬರುತ್ತದೆ, ನಮ್ಮ ಮೈಬಣ್ಣಕ್ಕೆ ಚೆನ್ನಾಗಿಯೇ ಒಪ್ಪುತ್ತದೆ. ಆದರೆ ಕಂದಿಗೆ ಲೈಕ್ ಎಲ್ಲಿ ಬರುತ್ತವೆ?

ಮನೆ ಬ್ಲೀಚಿನ ಇನ್ನೊಂದು ಕೊಡುಗೆ ಕನ್ನಡಾಭಿಮಾನ. ನೆತ್ತಿಯ ಬಿಸಿಗೆ ಬುಡದ ಒಂದಿಂಚು ಕೂದಲು ಉಳಿದದ್ದಕ್ಕಿಂತ ಬೇಗ ತಿಳಿಯಾಗುತ್ತದೆ. ಬುಡದಿಂದಲೇ ಹಚ್ಚಲು ಶುರು ಮಾಡಿ, ಅವಸರಕ್ಕೆ ಬ್ಲೀಚ್ ಪುಡಿಗೆ ಶೇ 12 ಪೆರಾಕ್ಸೈಡ್ ಇರುವ 40 ವಾಲ್ಯೂಮ್ ಡೆವಲಪರ್ ದ್ರವ ಸುರಿದರೆ, ಮೇಲೆ ಹಳದಿ, ಕೆಳಗೆ ಕೆಂಪು. ನವೆಂಬರ್ 1ಕ್ಕೆ ಬಾವುಟದ ಖರ್ಚು ಉಳಿಯಿತು. ಡಿಸೆಂಬರ್ 1ರಂದೂ ಅದೇ ತಲೆ ಹೊತ್ತು ಆಫೀಸಿಗೆ ಹೋಗಬೇಕಲ್ಲ, ಕಷ್ಟ ಇರುವುದು ಅಲ್ಲಿ. ಬುಡ ಬಿಟ್ಟು ಉದ್ದಕ್ಕೆ ಮೊದಲು ಹಚ್ಚಿ, ಅದು ಸಾಕಷ್ಟು ತಿಳಿಯಾದ ಮೇಲೆ ಬುಡಕ್ಕೆ ಬರಬೇಕಿತ್ತು. ಈ ಪಟ್ಟೆಯನ್ನು ಒಂದೇ ಬಟ್ಟಲಿನ ಟೋನರ್ ಸರಿಮಾಡದು. ಬುಡಕ್ಕೆ ನೇರಳೆ, ತುದಿಗೆ ಇನ್ನಷ್ಟು ಬ್ಲೀಚೋ ನೀಲಿಯೋ, ಹೀಗೆ ಭಾಗಕ್ಕೊಂದು ಮಿಶ್ರಣ ಬೇಕು. ನಿಮ್ಮ ಬೆನ್ನ ಹಿಂದಿನ ಕೂದಲು ನಿಮಗೆ ಕಾಣುವುದಿಲ್ಲ. ಸಲೂನಿನವರಿಗೆ ದುಡ್ಡು ಕೊಡಬೇಕಾದದ್ದು ಈ ಕೆಲಸಕ್ಕೆ.

ತಲೆ ಪೂರ್ತಿ 9ಕ್ಕೆ ಏರಿ, ಎಲ್ಲೆಡೆ ಸಮನಾಗಿ ಬರೀ ಹಳದಿ ಉಳಿದಿದ್ದರೆ ಮಾತ್ರ ಮನೆಯಲ್ಲೇ ಟೋನರಿಗೆ ಕೈ ಹಾಕಬಹುದು. 48 ಗಂಟೆ ಮೊದಲು ಕಿವಿಯ ಹಿಂದೆ ಒಂದು ಚುಕ್ಕೆ ಹಚ್ಚಿ ಅಲರ್ಜಿ ನೋಡಿ. ಒಳಗಿನ ಒಂದು ಎಳೆಗೆ ಹಚ್ಚಿ ಬಣ್ಣವನ್ನೂ ನೋಡಿ. ಎಣ್ಣೆ ಜಿಡ್ಡು ತೊಳೆದು, ಟವೆಲಿನಲ್ಲಿ ಒತ್ತಿ ನೀರು ತೆಗೆಯಿರಿ. ಒಂದಕ್ಕೆರಡು ಎಂದು ಪ್ಯಾಕಿನಲ್ಲಿದ್ದರೆ 30 ಗ್ರಾಂ ನೇರಳೆ ಟೋನರಿಗೆ 60 ಗ್ರಾಂ ಡೆವಲಪರ್, ಅದೂ ಶೇ 3ರ 10 ವಾಲ್ಯೂಮ್. ಅಡುಗೆಮನೆಯ ತಕ್ಕಡಿಯಲ್ಲೇ ತೂಗಿ, ಚಮಚದ ಅಂದಾಜು ಬೇಡ. ಪ್ಲಾಸ್ಟಿಕ್ ಬಟ್ಟಲು, ಕೈಗವಸು. ಹೆಚ್ಚು ಹಳದಿ ಇರುವಲ್ಲಿಂದ ಶುರು, ತುದಿ ಕೊನೆಗೆ. ಬ್ಲೀಚಿಗೆ ಬಳಲಿದ ತುದಿ ಬಣ್ಣವನ್ನು ಗಬಕ್ಕನೆ ಹೀರಿ ಮಸುಕು ನೇರಳೆಯಾಗುತ್ತದೆ. ಐದೈದು ನಿಮಿಷಕ್ಕೆ ಒಂದು ಎಳೆಯನ್ನು ಟಿಶ್ಯೂನಲ್ಲಿ ಒರೆಸಿ ನೋಡಿ, ಹಳದಿ ಹೋದ ತಕ್ಷಣ ತೊಳೆಯಿರಿ. ಪ್ಯಾಕಿನಲ್ಲಿ 20 ನಿಮಿಷ ಎಂದಿದ್ದರೆ ಅದು ಗಡುವು, 20 ನಿಮಿಷವೂ ಬಿಡಲೇಬೇಕೆಂಬ ಹರಕೆ ಏನಿಲ್ಲ. ನೇರಳೆ ಶಾಂಪೂವಿನ ಸರದಿ ಆಮೇಲೆ: ವಾರಕ್ಕೊಮ್ಮೆ, ಮೂರರಿಂದ ಐದು ನಿಮಿಷ.

ಹೀಗೆ ಮಾಡಿದ ಟೋನ್ ನಾಲ್ಕಾರು ವಾರ ಬಾಳುತ್ತದೆ. ಬೋರ್‌ವೆಲ್ ಟ್ಯಾಂಕರಿನ ನೀರಾದರೆ ಅಷ್ಟೂ ಅನುಮಾನ. ಗಡಸು ನೀರಿನ ಖನಿಜ, ಅದರಲ್ಲೂ ಕಬ್ಬಿಣ, ತಿಳಿ ಕೂದಲಿಗೆ ಅಂಟಿ ಮತ್ತೆ ಹಳದಿ ತರುತ್ತದೆ. ಕುಡಿಯುವ ಎರಡು ಲೋಟಕ್ಕೆ ಆರ್‌ಒ ಇಟ್ಟು, ಸಾವಿರಾರು ರೂಪಾಯಿಯ ತಲೆಯನ್ನು ಟ್ಯಾಂಕರಿಗೆ ಒಡ್ಡುವ ಊರು ನಮ್ಮದು. ಖನಿಜ ತೆಗೆಯುವ ಕೀಲೇಟಿಂಗ್ ಶಾಂಪೂವಿನಲ್ಲಿ ತಿಂಗಳಿಗೊಮ್ಮೆ ತೊಳೆದರೆ ಸ್ವಲ್ಪ ಪರಿಹಾರ.

ಹಾಗೆಂದು ಸಲೂನಿನವರೇನು ದೇವರಲ್ಲ. ಅಲ್ಲಿ 7ಕ್ಕೆ ನಿಂತುಹೋದ ಕಿತ್ತಳೆಗೆ 'ಕ್ಯಾರಮೆಲ್', 8ರಲ್ಲಿ ಬೇಸತ್ತ ಹಳದಿಗೆ 'ಹನಿ', ಪಟ್ಟೆ ಬಿದ್ದರೆ 'ಓಂಬ್ರೆ'. ಐಸ್‌ಕ್ರೀಂ ಮೆನುವಿನಲ್ಲಿ ಸೋಲೆಂಬುದೇ ಇಲ್ಲ. 2025ರ ಸೆಪ್ಟೆಂಬರ್ 22ರಿಂದ ಸಲೂನ್ ಸೇವೆಯ ಜಿಎಸ್‌ಟಿ ಶೇ 18ರಿಂದ 5ಕ್ಕೆ ಇಳಿದಿದೆ. ದರಪಟ್ಟಿಯಲ್ಲಿರುವ 'ಇಷ್ಟರಿಂದ ಆರಂಭ' ಎಂಬ ಪದಕ್ಕೆ ಯಾವ ತೆರಿಗೆಯೂ ಇಲ್ಲ, ಮಿತಿಯೂ ಇಲ್ಲ. ಕಪ್ಪು ತಲೆಯನ್ನು ಒಂದೇ ಸಲಕ್ಕೆ ಬೂದಿ ಮಾಡಿಕೊಡುತ್ತೇನೆ ಎನ್ನುವವರು ಮಾಡಿಯೇ ಕೊಡುತ್ತಾರೆ, ಕೂದಲು ಬಾಚಣಿಗೆಯಲ್ಲಿ ಬರುತ್ತದೆ. ಎರಡು ಮೂರು ಸಲ ಬನ್ನಿ, ನಡುವೆ ಕೆಲವು ವಾರ ಬಿಡಿ ಎನ್ನುವವರನ್ನು ನಂಬಿ. ಯಾವ ಮೆಟ್ಟಿಲವರೆಗೆ ಎತ್ತುತ್ತೀರಿ, ಯಾವ ವಾಲ್ಯೂಮ್, ಟೋನರ್ ದರದಲ್ಲೇ ಸೇರಿದೆಯೇ ಎಂದು ಕೂರುವ ಮೊದಲೇ ಕೇಳಿ.

ಅವರೂ ನಿಮ್ಮನ್ನೊಂದು ಕೇಳಬೇಕು: ಮೆಹಂದಿ ಹಚ್ಚಿದ್ದೀರಾ? ಕೂದಲು ಬೆಳೆಯುವುದು ತಿಂಗಳಿಗೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್. ಎರಡು ವರ್ಷದ ಹಿಂದೆ, ಅಕ್ಕನ ಮದುವೆಗೆ ಹಚ್ಚಿದ್ದು ತುದಿಯಲ್ಲಿ ಇನ್ನೂ ಕೂತಿರುತ್ತದೆ. ಬರೀ ಮೆಹಂದಿಯಾದರೆ ಏನು ಮಾಡಿದರೂ ಕಿತ್ತಳೆ ಬಿಡದು, ಇಂಡಿಗೋ ಬೆರೆತಿದ್ದರೆ ಬ್ಲೀಚಿಗೆ ಹಸಿರು, ಲೋಹದ ಲವಣವಿರುವ ಕಪ್ಪು ಪುಡಿಯಾದರೆ ತಲೆಯ ಮೇಲೇ ಬಿಸಿ ಏರಿ ಕೂದಲು ತುಂಡಾಗಬಹುದು. ಇದನ್ನು ಕೇಳದೆ ಬ್ರಷ್ ಎತ್ತಿದರೆ, ಕುತ್ತಿಗೆಗೆ ಏಪ್ರನ್ ಕಟ್ಟಿಯಾಗಿದ್ದರೂ ಪರವಾಗಿಲ್ಲ, ಕುರ್ಚಿಯಿಂದ ಎದ್ದು ಬನ್ನಿ.